ಸ್ಟಾರ್ಟ್ ಆಗಿ ಬಂದ್ ಬೀಳುವ ವ್ಯಾನಿಗೆ ಪಂಪ್ ಒಂದೇ ಮದ್ದಲ್ಲ

ಸಂಪಾದಕರಿಗೆ ನಮಸ್ಕಾರ.

ಮಳೆ ಹಿಡಿದರೆ ಸಾಕು, ನಮ್ಮ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಗ್ಯಾರೇಜುಗಳಲ್ಲಿ ಒಂದೇ ದೂರು. ಸೆಲ್ಫ್ ಹೊಡೆದರೆ ಗಾಡಿ ಸ್ಟಾರ್ಟ್ ಆಗುತ್ತದೆ, ಆಮೇಲೆ ಬಂದ್ ಬೀಳುತ್ತದೆ. ಹೆಚ್ಚಿನವು ಹಳೇ ಓಮ್ನಿಗಳೇ. ಮಾರುತಿಯವರು 1984ರಲ್ಲಿ ಶುರು ಮಾಡಿದ ಈ ವ್ಯಾನನ್ನು 2019ರಲ್ಲಿ ನಿಲ್ಲಿಸಿದರು. ಆದರೆ ಅಡಿಕೆ ಮೂಟೆ, ಹಾಲಿನ ಕ್ಯಾನು, ಮದುವೆ ಮನೆಯ ಚರಿಗೆ ಪಾತ್ರೆ ಹೊರಲು ನಮಗೆ ಇವತ್ತಿಗೂ ಅದೇ ಬೇಕು. 15 ವರ್ಷ ದಾಟಿದ ಮೇಲೂ ಟ್ಯಾಕ್ಸ್ ಕಟ್ಟಿ, ಆರ್‌ಸಿ ನವೀಕರಿಸಿ ಓಡಿಸುತ್ತೇವೆ. ಅಂಥವರ ಪರವಾಗಿ ಈ ಪತ್ರ.

ಗ್ಯಾರೇಜಿಗೆ ಹೋದ ಕೂಡಲೇ ಬರುವ ಮಾತು "ಪಂಪ್ ಹೋಗಿದೆ", ಅಂದರೆ ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪ್. ಬಾನೆಟ್ ಕೂಡ ನೋಡದೆ ಹೇಳ್ತಾರೆ ಅನ್ನೋಣ ಅಂದರೆ ಓಮ್ನಿಗೆ ಬಾನೆಟ್ಟೇ ಇಲ್ಲ, ಇಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ! ಸೀಟು ಎತ್ತದೆಯೇ ತೀರ್ಪು ಕೊಡುತ್ತಾರೆ ಅಂತಲೇ ಹೇಳಬೇಕು. ನಮ್ಮ ವ್ಯಾನಿಗೆ ಮೊದಲು ಪಂಪ್ ಬದಲಾಯಿತು, ಆಮೇಲೆ ಕಿಡಿಗೆ ಕರೆಂಟ್ ಕೊಡುವ ಕಾಯಿಲ್, ಆಮೇಲೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ಕಿಟ್. ಗಾಡಿ ಮಾತ್ರ ಮೊದಲಿನ ಹಾಗೆಯೇ ಬಂದ್ ಬೀಳುತ್ತಿತ್ತು. ಕೊನೆಗೆ ಕೆಲಸ ಬಿಟ್ಟು ಮನೆಯಲ್ಲೇ ಇದ್ದ ಒಬ್ಬ ಹಿರಿಯ ಮೆಕ್ಯಾನಿಕ್ ಬಂದು ಕೇಳಿದ್ದು ಒಂದೇ ಪ್ರಶ್ನೆ: "ಯಾವಾಗ ಬಂದ್ ಬೀಳ್ತದೆ?"

ನಾನು ಹೇಳಬೇಕೆಂದಿರುವುದೂ ಅದನ್ನೇ.

ಕೀ ತಿರುಗಿಸಿ ಇಂಜಿನ್ ಹಿಡಿದುಕೊಂಡಿತು, ಕೀ ಬಿಟ್ಟ ಆ ಕ್ಷಣವೇ ನಿಂತಿತು ಅಂದರೆ ಪೆಟ್ರೋಲಿನ ಹತ್ತಿರ ಹೋಗಲೇಬೇಡಿ, ಕರೆಂಟಿನ ಕಡೆ ನೋಡಿ. ಸೆಲ್ಫ್ ಹೊಡೆಯುವಾಗ ಕಾಯಿಲಿಗೆ ಒಂದು ದಾರಿಯಲ್ಲಿ ಕರೆಂಟ್ ಸಿಕ್ಕಿ, ಕೀ ಹಿಂದೆ ಬಂದಾಗ ಸಿಗದೆ ಹೋಗುವುದುಂಟು. ಇಗ್ನಿಷನ್ ಸ್ವಿಚ್ಚಿನ ಒಳಗಿನ ತಾಮ್ರ ಸವೆದಿದ್ದರೂ ಸಾಕು, ಕೆಲವು ಹಳೇ ಗಾಡಿಗಳಲ್ಲಿ ಕಾಯಿಲಿಗೆ ಜೋಡಿಸಿದ ರೆಸಿಸ್ಟರ್ ಸುಟ್ಟರೂ ಹೀಗೇ. ಕರೆಂಟ್ ಇದ್ದಲ್ಲಿ ಉರಿಯುವ ಒಂದು ಟೆಸ್ಟ್ ಲ್ಯಾಂಪ್ ಇದ್ದರೆ ತಕ್ಷಣ ಗೊತ್ತಾಗುತ್ತದೆ.

ಸ್ವಲ್ಪ ಹೊತ್ತು ಚೆನ್ನಾಗಿ ಓಡಿ, ಉಸಿರು ಕಟ್ಟಿದ ಹಾಗೆ ಆಗಿ ನಿಂತರೆ ಆಗ ಪೆಟ್ರೋಲ್ ಅನುಮಾನ. ಕಾರ್ಬೊರೇಟರಿನ ಬಟ್ಟಲಲ್ಲಿ ಇದ್ದಷ್ಟು ಪೆಟ್ರೋಲ್ ಉರಿದು ಹೋಯಿತು, ಹಿಂದಿನಿಂದ ಬರಲಿಲ್ಲ, ಅಷ್ಟೆ. ಇದನ್ನು ನೋಡಲು ಪೈಸೆ ಖರ್ಚಿಲ್ಲ. ಗಾಡಿ ನಿಂತ ಕೂಡಲೇ ಕೀ ಆಫ್ ಮಾಡಿ. ಕಾರ್ಬೊರೇಟರಿನ ಬಾಯಿ ಕಾಣುವ ಹಾಗೆ ಮೇಲಿನ ಏರ್ ಪೈಪ್ ಬಿಚ್ಚಿ, ಟಾರ್ಚ್ ಹಿಡಿದು ಒಳಗೆ ನೋಡುತ್ತಾ ಆಕ್ಸಿಲರೇಟರ್ ಕೇಬಲನ್ನು ಕೈಯಲ್ಲಿ ಎಳೆಯಿರಿ. ಸಣ್ಣ ದಾರದ ಹಾಗೆ ಪೆಟ್ರೋಲ್ ಚಿಮ್ಮಿದರೆ ಬಟ್ಟಲಲ್ಲಿ ಪೆಟ್ರೋಲ್ ಇದೆ, ಪಂಪ್ ತನ್ನ ಕೆಲಸ ಮಾಡಿದೆ. ಏನೂ ಚಿಮ್ಮದಿದ್ದರೆ ಆಗ ಫಿಲ್ಟರ್, ಪೈಪ್, ಪಂಪ್, ಇದೇ ಕ್ರಮದಲ್ಲಿ ನೋಡಿ. (ಬೀಡಿ ಸಿಗರೇಟು ದೂರ ಇರಲಿ, ಹೇಳಬೇಕಾಗಿಲ್ಲ ಅಲ್ವಾ?) ಪೆಟ್ರೋಲ್ ಚಿಮ್ಮುತ್ತದೆ, ರೇಸ್ ಕೊಟ್ಟರೆ ಓಡುತ್ತದೆ, ಕಾಲು ತೆಗೆದರೆ ಮಾತ್ರ ನಿಲ್ಲುತ್ತದೆ ಅಂದರೆ ಐಡ್ಲಿಂಗಿನ ತೊಂದರೆ. ಕಾರ್ಬೊರೇಟರಿನ ಬದಿಯಲ್ಲಿ ವೈರ್ ಹೋಗಿರುವ ಸಣ್ಣ ಸೊಲೆನಾಯ್ಡ್, ಅಂದರೆ ಕರೆಂಟ್ ಬಂದಾಗ ಐಡ್ಲಿಂಗಿನ ಪೆಟ್ರೋಲಿಗೆ ದಾರಿ ಬಿಡುವ ವಾಲ್ವ್ ಇರುತ್ತದೆ, ಕೀ ಆನ್ ಮಾಡಿದಾಗ ಅದು ಟಿಕ್ ಅನ್ನಬೇಕು. ನಮ್ಮದರಲ್ಲಿ ಟಿಕ್ ಅನ್ನುತ್ತಿರಲಿಲ್ಲ. ವೈರಿನ ಕನೆಕ್ಟರಿಗೆ ಹಸಿರು ಕಿಲುಬು ಹಿಡಿದಿತ್ತು. ಆ ಹಿರಿಯ ಮೆಕ್ಯಾನಿಕ್ ಉಜ್ಜಿ ಸಿಕ್ಕಿಸಿದರು, ಮುಗಿಯಿತು. ಚೋಕ್ ಎಳೆದಾಗ ಮಾತ್ರ ಓಡುವ ಗಾಡಿಯಾದರೆ ಎಲ್ಲೋ ರಬ್ಬರ್ ಪೈಪ್ ಬಿರಿದು ಗಾಳಿ ಎಳೆಯುತ್ತಿದೆ, ಇಲ್ಲವೇ ಪೆಟ್ರೋಲ್ ಹೋಗುವ ಸಣ್ಣ ತೂತಿನಲ್ಲಿ, ಅಂದರೆ ಜೆಟ್‌ನಲ್ಲಿ ಕಸ ಕೂತಿದೆ.

ಇನ್ನು ಪೇಟೆವರೆಗೆ ಸರಿಯಾಗಿ ಹೋಗಿ ಅಲ್ಲಿ ನಿಲ್ಲುವುದು, ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುವುದು. ಬಿಸಿಯಾದಾಗ ಕೈಕೊಡುವ ಕಾಯಿಲ್ ಹೀಗೆ ಮಾಡುತ್ತದೆ. ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದರೂ ಹೀಗೇ. ನಿಂತಾಗ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಬುಸ್ ಅಂತ ಗಾಳಿ ಒಳಗೆಳೆದುಕೊಂಡು ಆಮೇಲೆ ಗಾಡಿ ಓಡಿತೆಂದರೆ ಕಳ್ಳ ಸಿಕ್ಕಿದ ಹಾಗೆ.

ಈಗ ಎಲ್ಲದಕ್ಕೂ ಎಥೆನಾಲ್ ಮೇಲೆ ಗೂಬೆ ಕೂರಿಸುವುದೂ ಶುರುವಾಗಿದೆ. ಪೆಟ್ರೋಲಿಗೆ ಶೇ 20 ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು, ನಿಜ. ಹಳೇ ರಬ್ಬರ್ ಪೈಪುಗಳಿಗೆ ಅದು ಒಗ್ಗುವುದಿಲ್ಲ, ನೀರಿನ ಪಸೆಯನ್ನೂ ಎಳೆದುಕೊಳ್ಳುತ್ತದೆ, ಹಾಗಾಗಿ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಲ್ಲಿಸಿದ ವ್ಯಾನಿನ ಟ್ಯಾಂಕ್ ತಳ ಒಮ್ಮೆ ನೋಡಿಸುವುದು ಒಳ್ಳೆಯದೇ. ಪೈಪ್ ಬದಲಾಯಿಸಿ, ಫಿಲ್ಟರ್ ಹಾಕಿ. ಆದರೆ ಕನೆಕ್ಟರಿನ ಕಿಲುಬಿಗೂ ಎಥೆನಾಲಿಗೂ ಏನು ಸಂಬಂಧ? ರೇಟ್ ಕಡಿಮೆ ಅಂತ ತಲಪಾಡಿ ಗಡಿ ದಾಟಿ ಕರ್ನಾಟಕದ ಬಂಕಿನಲ್ಲಿ ತುಂಬಿಸಿದ್ದೇ ತಪ್ಪು ಅಂತ ಹೇಳಿದವರೂ ಇದ್ದಾರೆ. ಎರಡೂ ಕಡೆ ಎಥೆನಾಲ್ ಇದೆ ಸ್ವಾಮಿ.

ಕಾರ್ಬೊರೇಟರ್ ಇಲ್ಲದ, ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಆಮೇಲಿನ ಎಂಪಿಎಫ್‌ಐ ವ್ಯಾನಾದರೆ ಕೀ ಆನ್ ಮಾಡಿದಾಗ ಟ್ಯಾಂಕಿನ ಕಡೆಯಿಂದ ಪಂಪಿನ ಸದ್ದು ಎರಡು ಸೆಕೆಂಡು ಕೇಳಬೇಕು. ಕೇಳದಿದ್ದರೆ ಮೊದಲು ಫ್ಯೂಸ್, ರಿಲೇ ನೋಡಿ. ಇಲಿ ಕಡಿದ ವೈರನ್ನೂ ಮರೆಯಬೇಡಿ.

ಗ್ಯಾರೇಜಿನ ಹುಡುಗರನ್ನು ಬೈದು ಪ್ರಯೋಜನವಿಲ್ಲ. ಅವರು ಗಾಡಿಯ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿ ದೋಷ ಹುಡುಕಲು ಕಲಿತವರು, ಕಾರ್ಬೊರೇಟರ್ ಗಾಡಿಗೆ ಸ್ಕ್ಯಾನರ್ ಸಿಕ್ಕಿಸಲು ಜಾಗವೇ ಇಲ್ಲ. ಆದರೆ ಸುಮ್ನೆ ಊಹೆಯ ಮೇಲೆ ಪಾರ್ಟ್ ಹಾಕಿ, ಅದರ ದುಡ್ಡು ನಮ್ಮಿಂದ ತೆಗೆದುಕೊಳ್ಳುವುದು ಯಾವ ನ್ಯಾಯ? ಗ್ಯಾರೇಜಿನವರಲ್ಲಿ ನನ್ನ ಬೇಡಿಕೆ ಜಾಸ್ತಿ ಇಲ್ಲ. ಏನು ಪರೀಕ್ಷೆ ಮಾಡಿದಿರಿ ಅಂತ ಬಿಲ್ಲಿನಲ್ಲಿ ಒಂದು ಸಾಲು ಬರೆಯಿರಿ, ಬಿಚ್ಚಿದ ಹಳೇ ಪಾರ್ಟನ್ನು ನಮ್ಮ ಕೈಗೆ ಕೊಡಿ. ಗಾಡಿ ಇರುವವರೂ ಅದನ್ನು ಕೇಳಿಯೇ ದುಡ್ಡು ಕೊಡಿ. ನಿಮ್ಮ ಪತ್ರಿಕೆಯ ವಾಹನ ಪುಟದಲ್ಲೂ ವಾರ ವಾರ ಹೊಸ ಕಾರುಗಳ ಫೋಟೋ ಜೊತೆಗೆ ಇಂಥ ಹಳೇ ಗಾಡಿಗಳ ರಿಪೇರಿಗೆ ಕಾಲು ಪುಟ ಬಿಟ್ಟುಕೊಡಿ. ಓದುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ.

ಇಂತಿ,
ಒಬ್ಬ ಓದುಗ, ಬದಿಯಡ್ಕ, ಕಾಸರಗೋಡು ಜಿಲ್ಲೆ