ನಿಮಿಷಕ್ಕೆ 60 ಪದ ಸರಿ, ಯಾವ ಪದ ಸ್ವಾಮಿ?

ಸಂಪಾದಕರಿಗೆ ನಮಸ್ಕಾರ,

ಈ ಪತ್ರ ಹಾಕೋದಾದ್ರೆ ದಯವಿಟ್ಟು ನನ್ನ ಹೆಸರು ಹಾಕಬೇಡಿ, ನೋಟಿಸ್‌ಗೆ ಉತ್ತರ ಬರೆಯೋದೊಂದು ಬಾಕಿ ಇದೆ ನನಗೆ. ಪಾವಗಡದ ಕಡೆ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಲಿ ನಲಿಕಲಿ ಟೀಚರ್ ನಾನು, ನಲಿಕಲಿ ಅಂದ್ರೆ ಚಿಕ್ಕ ಕ್ಲಾಸಿನ ಮಕ್ಕಳಿಗೆ ಆಡ್ತಾ ಹಾಡ್ತಾ ಕಲಿಸೋ ಪದ್ಧತಿ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ರೂಮಲ್ಲಿ, ಅರ್ಧಕ್ಕಿಂತ ಜಾಸ್ತಿ ಮಕ್ಕಳ ಮನೇಲಿ ತೆಲುಗು, ಕನ್ನಡ ಅನ್ನೋದು ಅವಕ್ಕೆ ಸ್ಕೂಲಿಗೆ ಬಂದ್ಮೇಲೆ ಕಿವಿಗೆ ಬೀಳೋ ಭಾಷೆ.

ಒಂದು ತಿಂಗಳಿಂದ ನಮ್ಮಲ್ಲಿ ಪಾಠ ನಿಂತು ಟೆಸ್ಟ್ ತಯಾರಿ ನಡೀತಿದೆ, ಓದು ಬರಹದ ಟೆಸ್ಟ್. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ನಿಪುಣ್ ಭಾರತ್ ಅಂತ ಶುರು ಮಾಡ್ತಲ್ಲ, 2026-27ರ ಒಳಗೆ ಮೂರನೇ ಕ್ಲಾಸ್ ಮುಗಿಸೋ ಪ್ರತಿ ಮಗುಗೂ ಓದೋಕೆ ಬರೆಯೋಕೆ ಲೆಕ್ಕ ಮಾಡೋಕೆ ಬರಬೇಕು ಅಂತ, ಅದರಲ್ಲಿ ಮೂರನೇ ಕ್ಲಾಸಿನ ಗುರಿ ನಿಮಿಷಕ್ಕೆ ಕನಿಷ್ಠ 60 ಪದ. ಗುರಿ ಇಟ್ಟಿದ್ದೇ ತಪ್ಪು ಅಂತ ನಾನು ಹೇಳಲ್ಲ, ಆರನೇ ಕ್ಲಾಸಿಗೆ ಹೋದ ಮಗು ಬಸ್ಸಿನ ಬೋರ್ಡ್ ಓದೋಕೆ ತಡವರಿಸೋದನ್ನ ನಾನೇ ನೋಡಿದೀನಿ. ಆದ್ರೆ ಅದೇ ಗುರಿಯಲ್ಲಿ ಅರ್ಥ ಮಾಡ್ಕೊಂಡು ಓದಬೇಕು, ಮೊದಲು ನೋಡಿರದ ಪಠ್ಯ ಓದಬೇಕು ಅಂತಾನೂ ಇದೆ. ಅದೆಲ್ಲ ದೆಹಲಿಯಿಂದ ನಮ್ಮೂರಿಗೆ ಬರೋ ದಾರೀಲಿ ಎಲ್ಲೋ ಬಿದ್ದೋಗಿ 60 ಒಂದೇ ಬಂದು ತಲುಪಿದೆ.

ತಯಾರಿ ಹೆಂಗೆ ಅಂದ್ರೆ, ಏಳೆಂಟು ಪ್ಯಾರಾಗಳು ವಾಟ್ಸಾಪ್ ಗ್ರೂಪಿಗೆ ಬಂದ್ವು, ಇವನ್ನ ದಿನಾ ಓದಿಸಿ, ಟೆಸ್ಟ್‌ಗೂ ಇಂಥವೇ ಬರ್ತವೆ ಅಂತ. ನಾವೂ ಕೈಯಿಂದ ದುಡ್ಡು ಹಾಕಿ ಜೆರಾಕ್ಸ್ ಮಾಡಿಸಿದ್ವಿ. ಒಂದು ಪ್ಯಾರಾದಲ್ಲಿ ಅಜ್ಜಿ ಹೊಲಕ್ಕೆ ಹೋಗಿ ಕಡಲೆಕಾಯಿ ಕಿತ್ತು ಬುಟ್ಟಿ ಹೊತ್ತುಕೊಂಡು ಬರ್ತಾಳೆ, ಕೊನೆ ಸಾಲಲ್ಲಿ ಮೊಮ್ಮಗ ಕುಣಿದಾಡ್ತಾನೆ. ಮೊನ್ನೆ ನೋಡೋಕೆ ಬಂದವರು ಮೊಬೈಲಲ್ಲಿ ಸ್ಟಾಪ್‌ವಾಚ್ ಹಾಕಿ ಮೂರನೇ ಕ್ಲಾಸಿನ ಒಬ್ಬ ಹುಡುಗನ್ನ ನಿಲ್ಲಿಸಿದ್ರು. ಅವನು ಒಂದೇ ಉಸಿರಲ್ಲಿ ಗಿರಣಿಗೆ ಕಾಳು ಹಾಕ್ದಂಗೆ ಓದಿ ಮುಗಿಸಿದ, ವೆರಿ ಗುಡ್ ಅಂದ್ರು, ಟಿಕ್ ಹಾಕಿದ್ರು. ಆಮೇಲೆ ನಾನು ಹಾಳೆ ತಗೊಂಡು ನೋಡ್ತೀನಿ, ಜೆರಾಕ್ಸ್‌ನಲ್ಲಿ ಕೆಳಗಡೆ ಕೊನೆ ಸಾಲು ಕಟ್ ಆಗಿದೆ! ಮೊಮ್ಮಗ ಕುಣಿದಾಡೋದು ಆ ಹಾಳೇಲಿ ಇಲ್ವೇ ಇಲ್ಲ, ನಮ್ಮ ಹುಡುಗ ಅದನ್ನೂ ಓದಿಬಿಟ್ಟಿದಾನೆ. ತಪ್ಪು ಅವನದಲ್ಲ, ಮೂವತ್ತು ದಿನ ಬಾಯಿಪಾಠ ಮಾಡಿಸಿದ್ದು ನಾನೇ.

ಅವನ ಹಿಂದೆ ನಿಂತಿದ್ದ ಹುಡುಗಿ ಕಥೆ ಬೇರೆ. ತಿಂಗಳಲ್ಲಿ ಹದಿನೈದು ದಿನ ಸ್ಕೂಲಿಗೇ ಬಂದಿರಲಿಲ್ಲ, ಅವರಪ್ಪ ಅಮ್ಮ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಕರ್ಕೊಂಡು ಹೋಗಿದ್ರು, ಹಂಗಾಗಿ ಈ ಪ್ಯಾರಾ ಅವಳಿಗೆ ಹೊಸದು. ಹೊತ್ತುಕೊಂಡು ಅನ್ನೋ ಪದಕ್ಕೆ ಬಂದು ನಿಂತ್ಲು. ಮೊದಲು ಹೊತುಕೊಡು ಅಂದ್ಲು, ಏನೋ ಸರಿ ಹೋಗ್ಲಿಲ್ಲ ಅನ್ಸಿರಬೇಕು, ಬೆರಳು ವಾಪಸ್ ತಂದು ತ ಕೆಳಗಿನ ಒತ್ತು ನೋಡಿ ಹೊತ್ತು, ಆಮೇಲೆ ಸೊನ್ನೆ ನೋಡಿ ಕೊಂ, ಡು ಅಂತ ಸೇರಿಸಿ ಓದಿ ನನ್ನ ಕಡೆ ತಿರುಗಿ ನಕ್ಕಳು. ಸಾರ್ ನಿಮಗೆ ಹೇಳ್ತೀನಿ, ಇಪ್ಪತ್ತು ವರ್ಷದ ಸರ್ವಿಸಲ್ಲಿ ನಾನು ಓದು ಅಂತ ಕರೆಯೋದು ಇದನ್ನೇ, ಆ ಬೆರಳು ವಾಪಸ್ ಬಂತಲ್ಲ ಅದನ್ನ. ಅಷ್ಟರಲ್ಲಿ ಟೈಮ್ ಮುಗೀತು, 26 ಪದ, ಇನ್ನೂ ಕಲಿಬೇಕಾದವರ ಪಟ್ಟಿಗೆ ಹೋದ್ಲು.

ಇನ್ನು ಪದ ಎಣಿಸೋ ವಿಷಯ. ಇಂಗ್ಲಿಷಲ್ಲಿ ಇನ್ ದ ಹೌಸ್ ಅಂದ್ರೆ ಮೂರು ಪದ, ಹಿಂದೀಲಿ ಘರ್ ಮೇ ಎರಡು, ನಮ್ಮಲ್ಲಿ ಮನೆಯಲ್ಲಿ ಒಂದೇ ಪದ. ಹೋಗಬೇಕಾಗಿತ್ತಂತೆ ಅನ್ನೋದೂ ಒಂದೇ ಪದ, ಅದರಲ್ಲಿ ಏಳು ಅಕ್ಷರ, ಒಂದು ಒತ್ತು, ಒಂದು ಸೊನ್ನೆ. ಅದು ಓದಿದ್ರೂ ಒಂದು ಮಾರ್ಕು, ಆಟ ಅಂತ ಓದಿದ್ರೂ ಒಂದು ಮಾರ್ಕು! ನಲಿಕಲೀಲಿ ನಾವು ಅ ಆ ಇ ಈ ಇಂದ ಶುರು ಮಾಡಲ್ಲ, ರ ಗ ಸ ದ ಅ ಇಂದ ಶುರು ಮಾಡ್ತೀವಿ, ಐದು ಅಕ್ಷರ ಕಲಿತ ವಾರಕ್ಕೇ ಮಗು ಅರಸ, ಅಗಸ, ಗರಗಸ ಓದತ್ತೆ, ಆ ಖುಷಿನೇ ಬೇರೆ. ಅಲ್ಲಿಂದ ಕಾಗುಣಿತ ದಾಟಿ ಒತ್ತಕ್ಷರಕ್ಕೆ ಬರೋಷ್ಟರಲ್ಲಿ ಮೂರನೇ ಕ್ಲಾಸ್ ಬಂದಿರತ್ತೆ. ಈ ವ್ಯತ್ಯಾಸ ಮೇಲಿನವರಿಗೆ ಗೊತ್ತಿಲ್ಲ ಅಂತಲ್ಲ, 2022ರ ಮಾರ್ಚಲ್ಲಿ ಪಠ್ಯಪುಸ್ತಕ ಮಾಡೋ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ ಮೂರನೇ ಕ್ಲಾಸಿನ ಮಕ್ಕಳಿಗೆ 20 ಭಾಷೆಯಲ್ಲಿ ಓದಿನ ಅಧ್ಯಯನ ಮಾಡಿದಾಗ ಒಂದೊಂದು ಭಾಷೆಗೆ ಬೇರೆ ಬೇರೆ ಮಟ್ಟ ಇಟ್ಟಿದ್ರು. ನಮ್ಮ ಗ್ರೂಪಲ್ಲಿ ಮಾತ್ರ 60 ಅಂದ್ರೆ 60.

ಬರಹದ್ದು ಇನ್ನೂ ಕಷ್ಟ, ಚಿಕ್ಕದಾಗಿ ಹೇಳ್ತೀನಿ. ನನ್ನ ಶಾಲೆ ಅಂತ ಐದು ವಾಕ್ಯ ಬೋರ್ಡ್ ಮೇಲೆ ಬರೆದು ಕಾಪಿ ಮಾಡಿಸ್ತೀವಿ, ಹನ್ನೊಂದು ಮಕ್ಕಳೂ ನಮ್ಮ ಶಾಲೆ ಸುಂದರವಾಗಿದೆ ಅಂತ ಬರೀತಾರೆ, ಮಳೆ ಬಂದ್ರೆ ಸೋರೋ ರೂಮಲ್ಲಿ ಕೂತು. ಒಬ್ಬ ಮಾತ್ರ ಕಾಪಿ ಮಾಡ್ದೆ ತನ್ನಷ್ಟಕ್ಕೆ ನಮ್ಮ ಮ್ಯಾಕೆ ಎಲ್ಡು ಮರಿ ಆಕೈತೆ ಅಂತ ಬರೆದಿದ್ದ. ರೂಲ್ಸ್ ಪ್ರಕಾರ ಅದರಲ್ಲಿ ಮೂರು ತಪ್ಪು. ಕೆಂಪು ಪೆನ್ ಕೈಲಿ ಹಿಡ್ಕೊಂಡು ಸುಮಾರು ಹೊತ್ತು ಕೂತಿದ್ದೆ, ಕೊನೆಗೆ ಕೆಳಗಡೆ ಮರಿ ಯಾವ ಬಣ್ಣ ಅಂತ ಬರೆದು ವಾಪಸ್ ಕೊಟ್ಟೆ. ಮಾರನೇ ದಿನ ಅರ್ಧ ಪುಟ ತುಂಬಿಸ್ಕೊಂಡು ಬಂದ.

ಇದನ್ನ ನಿಮ್ಮ ಪೇಪರ್ ಮೂಲಕ ಯಾರಾದ್ರೂ ದೊಡ್ಡವರು ಓದ್ತಾರೇನೋ ಅಂತ ಬರೀತಿದೀನಿ. ಟೆಸ್ಟೇ ಬೇಡ ಅಂತಲ್ಲ. ಹಳ್ಳಿ ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರತ್ತೆ ಅಂತ ನೋಡೋ ಅಸರ್ ಸರ್ವೆನವರು ಮನೆ ಬಾಗಿಲಿಗೆ ಬಂದು ಅಕ್ಷರ, ಪದ, ಪ್ಯಾರಾ, ಕಥೆ ಅಂತ ನಾಲ್ಕೇ ಮಟ್ಟದಲ್ಲಿ ಓದಿಸ್ತಾರೆ, ಸ್ಟಾಪ್‌ವಾಚ್ ಇಲ್ಲದೇನೇ ಮಗು ಎಲ್ಲಿದೆ ಅಂತ ಗೊತ್ತಾಗತ್ತೆ. 2024ರಲ್ಲಿ ಅವರ ಸರ್ವೆಲಿ ದೇಶದ ಹಳ್ಳಿಗಾಡಿನ ಸರ್ಕಾರಿ ಶಾಲೆಗಳ ಮೂರನೇ ಕ್ಲಾಸಿನ ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲವರು ನೂರಕ್ಕೆ 23.4 ಅಂತ ಬಂತು, 2022ರಲ್ಲಿ 16.3 ಇತ್ತು. ನಾಚಿಕೆ ಪಡೋ ನಂಬರೇ, ಆದ್ರೆ ನಂಬೋ ನಂಬರ್. ನಾವು ಬಾಯಿಪಾಠ ಮಾಡಿಸಿ ಆನ್‌ಲೈನಲ್ಲಿ ತುಂಬಿಸ್ತಿರೋ ನಂಬರನ್ನ ನಾವೇ ನಂಬಲ್ಲ. ಮೊದಲೇ ಪ್ಯಾರಾ ಕಳಿಸಬೇಡಿ, ಆ ದಿನ ಹೊಸದು ತನ್ನಿ, ಓದಿದ ಮೇಲೆ ಅಜ್ಜಿ ಎಲ್ಲಿಗೆ ಹೋದ್ಲು ಅಂತ ಕೇಳಿ, ಮಗು ತೆಲುಗಲ್ಲಿ ಉತ್ತರ ಹೇಳಿದ್ರೂ ಸರಿ ಅನ್ನಿ, ಎಣಿಸಲೇಬೇಕು ಅಂದ್ರೆ ಅಕ್ಷರ ಎಣಿಸಿ. ಆ ಒಂದು ತಿಂಗಳು ಪಂಚಾಯ್ತಿ ಲೈಬ್ರರಿಲಿರೋ ಮಕ್ಕಳ ಪುಸ್ತಕ ತಂದು ಓದಿಸ್ತೀವಿ, ಅದೇ ನಮ್ಮ ತಯಾರಿ.

ಕೊನೆ ಸಾಲಿನ ಕಥೆನ ನಾನು ಮೀಟಿಂಗಲ್ಲೂ ಹೇಳ್ದೆ, ಎಲ್ರೂ ನಕ್ಕರು. ಸಂಜೆ ಗ್ರೂಪಿಗೆ ಮೆಸೇಜ್ ಬಂತು, ಇನ್ಮುಂದೆ ಪ್ಯಾರಾಗಳನ್ನ ಪೂರ್ತಿ ಕಾಣೋ ಹಾಗೆ ಜೆರಾಕ್ಸ್ ಮಾಡಿಸತಕ್ಕದ್ದು ಅಂತ.

ಇಂತಿ,
ಒಬ್ಬ ನಲಿಕಲಿ ಟೀಚರ್, ತುಮಕೂರು ಜಿಲ್ಲೆ