ರಿಫೈನರಿ ಶಟ್‌ಡೌನ್ ನಾಟಕವಲ್ಲ

ಮಾನ್ಯ ಸಂಪಾದಕರೇ,

ಮಂಗಳೂರಿನ ರಿಫೈನರಿಯ ಪೆಟ್ರೋಲ್, ಡೀಸೆಲ್ ಘಾಟಿ ಹತ್ತಿ ಪೈಪ್‌ಲೈನ್‌ನಲ್ಲೇ ನಮ್ಮ ಹಾಸನಕ್ಕೆ ಬರುತ್ತದೆ, ಇಲ್ಲಿಂದ ಬೆಂಗಳೂರಿಗೆ ಹೋಗುತ್ತದೆ. ಆದರೂ ತೊಳೆದು ರಿಪೇರಿ ಮಾಡಲು ರಿಫೈನರಿಯನ್ನು ಕೆಲ ದಿನ ನಿಲ್ಲಿಸುವ ಶಟ್‌ಡೌನ್ ಅಂದರೆ ಬಂಕಿನಲ್ಲಿ ಕೇಳುವುದು ಒಂದೇ ಮಾತು: 'ರೇಟು ಏರಿಸೋಕೆ ನಾಟಕ.' ನಾನು ಹೊರ ರಾಜ್ಯದ ರಿಫೈನರಿಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಶಟ್‌ಡೌನ್ ದಿನಗಳಲ್ಲಿ ಒಳಗೆ ನಡೆಯುವುದರಲ್ಲಿ ದೊಡ್ಡ ಪಾಲು ತೊಳೆಯುವ ಕೆಲಸ.

ಕಚ್ಚಾ ತೈಲವನ್ನು ಫರ್ನೇಸಿಗೆ, ಅಂದರೆ ಅದನ್ನು ಕಾಯಿಸುವ ಕುಲುಮೆಗೆ, ಬಿಡುವ ಮೊದಲು ಟ್ಯೂಬಿನ ಗೋಡೆ ಮೂಲಕ ಒಂದರ ಬಿಸಿ ಇನ್ನೊಂದಕ್ಕೆ ದಾಟಿಸುವ ಸಾಲು ಸಾಲು ಹೀಟ್ ಎಕ್ಸ್‌ಚೇಂಜರ್‌ಗಳಲ್ಲಿ ಹಾಯಿಸುತ್ತಾರೆ. ಆಗಲೇ ಕಾದು ಹೊರಬರುತ್ತಿರುವ ಎಣ್ಣೆಯ ಬಿಸಿ ಇದಕ್ಕೆ ಪುಕ್ಕಟೆ ಸಿಗುತ್ತದೆ. ಹೀಗೇ ಸುಮಾರು 250 ಡಿಗ್ರಿವರೆಗೆ ಕಾಯುತ್ತದೆ. ಮಿಕ್ಕ ನೂರು ಚಿಲ್ಲರೆ ಡಿಗ್ರಿಗಷ್ಟೇ ಫರ್ನೇಸ್. ಆದರೆ ತೈಲದಲ್ಲಿರುವ ಆಸ್ಫಾಲ್ಟೀನ್ ಎಂಬ ಡಾಂಬರಿನಂಥ ಭಾರದ ಅಂಶ, ಉಪ್ಪು, ತುಕ್ಕು ಎಲ್ಲ ಟ್ಯೂಬಿನೊಳಗೆ ಕೂರುತ್ತವೆ. ನಮ್ಮ ಬೋರ್‌ವೆಲ್ ನೀರಿಗೆ ಗೀಸರ್ ಕಾಯಿಲ್ ಬೆಳ್ಳಗೆ ಪದರ ಕಟ್ಟುತ್ತದಲ್ಲ, ಹಾಗೆ. ಬಿಸಿ ದಾಟುವುದಿಲ್ಲ. ಫರ್ನೇಸಿಗೆ ಜಾಸ್ತಿ ಇಂಧನ ಬೇಕಾಗುತ್ತದೆ, ಅದರ ಟ್ಯೂಬುಗಳೂ ವಿಪರೀತ ಕಾದು ಬೇಗ ಕೆಡುತ್ತವೆ.

ಕ್ರೇನ್ ಕಟ್ಟಿ ಆ ಟ್ಯೂಬುಗಳ ಬಂಡಲ್ ಹೊರಗೆಳೆದಾಗ ನೋಡಬೇಕು. ಮುಕ್ಕಾಲು ಇಂಚಿನ ನೂರಾರು ಟ್ಯೂಬು, ಕೆಲವದರಲ್ಲಿ ಕಡ್ಡಿ ಕೂಡ ತೂರುವುದಿಲ್ಲ. ನೀರಿನ ಜೆಟ್ ಬಿಟ್ಟರೆ ಮೊದಲು ಕರಿ ಕೆಸರು, ಆಮೇಲೆ ಗಟ್ಟಿ ಚಕ್ಕೆ. ಬೂಟಿಗೆ ಹತ್ತಿದ ಆ ಕಪ್ಪು ಯಾವ ಸೋಪಿಗೂ ಬಗ್ಗುವುದಿಲ್ಲ.

ಕೊಳೆ ಕಟ್ಟದಂತೆ ನೋಡಿಕೊಳ್ಳುವುದು ಇನ್ನೂ ಮುಖ್ಯ. ಡಿಸಾಲ್ಟರ್‌ನಲ್ಲಿ ತೈಲಕ್ಕೆ ನೀರು ಬೆರೆಸಿ, ಕರೆಂಟಿನ ಬಲದಿಂದ ಉಪ್ಪುನೀರನ್ನು ಬೇರ್ಪಡಿಸುತ್ತಾರೆ. ಅಲ್ಲಿ ಉದಾಸೀನ ಮಾಡಿದರೆ ಉಳಿದ ಉಪ್ಪು ಮುಂದೆ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ದಾರಿ ಮಾಡಿ, ತೈಲದಿಂದ ಪೆಟ್ರೋಲ್, ಡೀಸೆಲ್ ಬೇರ್ಪಡಿಸುವ ಗೋಪುರದ (ಕಾಲಮ್) ಮೇಲ್ಭಾಗದ ಪೈಪುಗಳನ್ನೇ ತಿನ್ನುತ್ತದೆ. ಅಗ್ಗಕ್ಕೆ ಸಿಕ್ಕಿತು ಅಂತ ಬೇರೆ ಬೇರೆ ಕಡೆಯ ತೈಲ ಬೆರೆಸುವಾಗಲೂ ಮೊದಲು ಲ್ಯಾಬಿನಲ್ಲಿ ಪರೀಕ್ಷೆ ಆಗಬೇಕು. ಒಂದಕ್ಕೊಂದು ಹೊಂದದಿದ್ದರೆ ಆಸ್ಫಾಲ್ಟೀನ್ ತೈಲದಿಂದ ಬೇರ್ಪಟ್ಟು ಟ್ಯೂಬಿಗೆ ಅಂಟುತ್ತದೆ. ತೈಲ ಕೊಳ್ಳುವವರಿಗೆ ಬೆಲೆ ಕಾಣುತ್ತದೆ, ಇದು ಕಾಣುವುದಿಲ್ಲ.

ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಹೊರಗಿನಿಂದ ಬರುತ್ತದೆ. ಅದನ್ನು ಶುದ್ಧ ಮಾಡುವಾಗಲೇ ಸುಮ್ನೆ ಉರಿಸಿ ಕಳೆಯುವುದು ಸರಿಯೇ? ರಿಫೈನರಿ ಸುದ್ದಿ ಅಂದರೆ ಲಾಭ, ಇಲ್ಲವೇ ವಿಸ್ತರಣೆ. ಮುಂದಿನ ಸಲ ಶಟ್‌ಡೌನ್ ಆದಾಗ ನಿಮ್ಮ ವರದಿಗಾರರು ಇಷ್ಟು ಕೇಳಲಿ: ಫರ್ನೇಸಿಗೆ ಹೋಗುವ ತೈಲದ ಬಿಸಿ ತೊಳೆಯುವ ಮೊದಲು ಎಷ್ಟಿತ್ತು, ತೊಳೆದ ಮೇಲೆ ಎಷ್ಟಾಯಿತು?

ಒಬ್ಬ ನಿವೃತ್ತ ಫಿಟ್ಟರ್, ಹಾಸನ