ಅಟ್ಟ ತುಂಬಿಸಿದ್ದು ಸಾಕು, ಒಂದು ಚೀಲವನ್ನೂ ತುಂಬಿಸಿಡಿ

ಮಾನ್ಯ ಸಂಪಾದಕರೇ,

ಮೇ ತಿಂಗಳು ಬಂತೆಂದರೆ ಕೊಡಗಿನ ಮನೆಮನೆಯಲ್ಲೂ ಮಳೆಗಾಲದ ತಯಾರಿ ಶುರು. ಸೌದೆ ಒಡೆದು ಒಳಗೆ ಜೋಡಿಸುವುದು, ಹಪ್ಪಳ ಒಣಗಿಸುವುದು, ಒಣಮೀನು ಡಬ್ಬಿಗೆ ತುಂಬುವುದು, ಎರಡು ತಿಂಗಳಿಗೆ ಆಗುವಷ್ಟು ಅಕ್ಕಿ ಬೇಳೆ ತಂದಿಡುವುದು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ಒಂದು ವರ್ಷವೂ ಇದನ್ನು ತಪ್ಪಿಸಿಲ್ಲ. 2018ರಲ್ಲೂ ಅಟ್ಟ ಭರ್ತಿ ಇತ್ತು. ಆಗಸ್ಟ್ 16ರ ಸಂಜೆ ಅದನ್ನೆಲ್ಲ ಹಾಗೇ ಬಿಟ್ಟು, ಕೈಯಲ್ಲಿ ಒಂದು ಕುಕ್ಕರ್ ಹಿಡಿದುಕೊಂಡು ಓಡಿದೆ.

ಕುಕ್ಕರ್ ಯಾಕೆ ಅಂತ ಮನೆಯಲ್ಲಿ ಈಗಲೂ ನಗುತ್ತಾರೆ. ಅನ್ನ ಆಗಿತ್ತು, ಒಲೆಯ ಮೇಲಿತ್ತು, ಕೈಗೆ ಸಿಕ್ಕಿತು. ಯಜಮಾನರ ಜೇಬಿನಲ್ಲಿದ್ದದ್ದು ಟಿವಿ ರಿಮೋಟು! ಅತ್ತೆಯ ಬಿಪಿ ಮಾತ್ರೆ, ಕನ್ನಡಕ, ಜಮೀನಿನ ಕಾಗದ ಇದ್ದ ಟ್ರಂಕು ಒಳಗೇ ಉಳಿದವು. ಅವತ್ತು ರಾತ್ರಿ ಮನೆ ಹಿಂದಿನ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಕುಸಿದು ಅಡುಗೆಮನೆಯನ್ನೂ ಅರ್ಧ ಅಟ್ಟವನ್ನೂ ಎಳೆದುಕೊಂಡು ಹೋಯಿತು.

ಆಮೇಲೆ ಎಷ್ಟೋ ಮಳೆಗಾಲ ಬಂದು ಹೋದವು. ರೆಡ್ ಅಲರ್ಟ್ ಅಂದರೆ ನಮ್ಮ ಕಡೆ ಈಗಲೂ ಮಕ್ಕಳಿಗೆ ಶಾಲೆಗೆ ರಜೆ, ದೊಡ್ಡವರಿಗೆ ಇನ್ನೊಂದು ಲೋಟ ಕಾಫಿ, ಅಷ್ಟೇ. ಪತ್ರಿಕೆಯಲ್ಲೂ ಅದೇ ಸುದ್ದಿ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಹಿರಿಯರು ಹೇಳಿಕೊಟ್ಟ ತಯಾರಿ ಒಳಗೆ ಕೂರುವುದಕ್ಕೆ. ಕರೆಂಟ್ ಹೋದರೂ, ದಾರಿ ಮುಚ್ಚಿದರೂ ಒಲೆ ಮುಂದೆ ಬೆಚ್ಚಗೆ ದಿನ ಕಳೆಯಬೇಕಲ್ವಾ? ಅದು ಈಗಲೂ ಬೇಕು. ಆದರೆ ಗುಡ್ಡವೇ ಮನೆಗೆ ನುಗ್ಗಿದಾಗ ಹೊರಡುವುದು ಹೇಗೆ ಅಂತ ಅವರು ಹೇಳಿಕೊಟ್ಟಿರಲಿಲ್ಲ. ಅವರ ಕಾಲದಲ್ಲಿ ಮನೆ ಹಿಂದಿನ ಬರೆಯನ್ನು ಜೆಸಿಬಿ ತಂದು ನೆಟ್ಟಗೆ ಕತ್ತರಿಸುತ್ತಲೂ ಇರಲಿಲ್ಲ. ನಾವು ಕತ್ತರಿಸಿದ್ದೆವು, ಕಾಫಿ ಒಣಗಿಸುವ ಕಣ ದೊಡ್ಡದಾಗಲಿ ಅಂತ. ಇಳಿಜಾರನ್ನು ಹೀಗೆ ಕಂಡಕಂಡಲ್ಲಿ ಕಡಿದದ್ದು ಕುಸಿತಕ್ಕೆ ದೊಡ್ಡ ಕಾರಣ ಅಂತ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಆಮೇಲೆ ಹೇಳಿದರು.

ಗುಡ್ಡ ಸೂಚನೆ ಕೊಡದೆ ಬಂತು ಅಂತ ಎಲ್ಲರೂ ಹೇಳುತ್ತಾರೆ. ನಮಗೆ ಕೊಟ್ಟಿತ್ತು. ಎರಡು ದಿನ ಮೊದಲೇ ಅಡುಗೆಮನೆಯ ಹಿಂಬಾಗಿಲು ಹಾಕಲು ಬರುತ್ತಿರಲಿಲ್ಲ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ನಮ್ಮ ಕಡೆ ಯಾವ ಬಾಗಿಲು ಸರಿಯಾಗಿ ಹಾಕಲು ಬರುತ್ತದೆ ಹೇಳಿ? ಸುಮ್ನೆ ಒಂದು ಕಲ್ಲು ಒತ್ತಿಟ್ಟೆ. ಹೊಸ್ತಿಲ ಪಕ್ಕ ನೆಲದಲ್ಲಿ ಕೂದಲೆಳೆಯಂಥ ಬಿರುಕು ಇತ್ತು, ಗುಡಿಸುವಾಗ ನೋಡಿದ್ದೆ. ಮಾರನೇ ದಿನ ಅದರೊಳಗೆ ಬೆರಳಿನ ಉಗುರು ಹೋಗುತ್ತಿತ್ತು. ಮನೆ ಮೇಲಿನ ಒರತೆಯ ನೀರು ಎಂಥ ಮಳೆಗೂ ತಿಳಿಯಾಗಿರುವಂಥದ್ದು, ಅದು ಹಾಲು ಹಾಕಿದ ಟೀಯಂತೆ ಬರುತ್ತಿತ್ತು. ಈ ಮೂರನ್ನೂ ಬೇರೆಬೇರೆಯಾಗಿ ನೋಡಿದ್ದೆವು, ಸೇರಿಸಿ ನೋಡಲಿಲ್ಲ. ಈಗ ಬಿರುಕು ಕಂಡರೆ ಅದರ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯುತ್ತೇನೆ. ಗೆರೆ ದಾಟಿತೆಂದರೆ ಮರದ ಮೇಲೆ ತಪ್ಪು ಹಾಕುವಂತಿಲ್ಲ. ಕಂಬ, ಮರ ವಾಲುವುದು, ತುಂಬಿ ಹರಿಯುತ್ತಿದ್ದ ತೋಡು ಇದ್ದಕ್ಕಿದ್ದಂತೆ ಬತ್ತುವುದು ಕೂಡ ಸೂಚನೆಯೇ. ತೋಡು ಬತ್ತಿದರೆ ಮೇಲೆ ಎಲ್ಲೋ ಮಣ್ಣು ಅಡ್ಡ ಬಿದ್ದು ನೀರು ಕಟ್ಟಿದೆ ಅಂತ ತಿಳಿಯಬೇಕು.

ತೋಟದವರ ಮನೆಯಲ್ಲಿ ಮಳೆಮಾಪಕ ಇರುತ್ತದೆ. ದಿನಾ ಬೆಳಿಗ್ಗೆ ಇಂಚಿನ ಲೆಕ್ಕ ಬರೆದು, ನಿಮಗೆಷ್ಟು ನಮಗೆಷ್ಟು ಅಂತ ಫೋನಿನಲ್ಲಿ ಪೈಪೋಟಿ ನಡೆಸುವುದು ನಮಗೊಂದು ಚಟ. ಅದೇ ಲೆಕ್ಕ ಈಗ ನಮ್ಮ ಮನೆಯಲ್ಲಿ ಬೇರೆ ಕೆಲಸಕ್ಕೂ ಬರುತ್ತಿದೆ. ಹವಾಮಾನ ಇಲಾಖೆಯವರು 24 ಗಂಟೆಯಲ್ಲಿ 204.5 ಮಿಲಿಮೀಟರ್ ದಾಟಿದರೆ ಅತ್ಯಂತ ಭಾರಿ ಮಳೆ ಅನ್ನುತ್ತಾರೆ, ಅಂದರೆ ಸುಮಾರು 8 ಇಂಚು. ಎಂಟು ತುಂಬಿದ ದಿನ, ಅಥವಾ ಒರತೆ ಕೆಂಪಾದ ದಿನ, ನಾವು ಮನೆ ಬಿಡುತ್ತೇವೆ. ಇದು ಸರ್ಕಾರದ ನಿಯಮ ಅಲ್ಲ, ನಮ್ಮ ಮನೆಯ ನಿಯಮ. ಬೇಸಿಗೆಯಲ್ಲಿ ಎಲ್ಲರೂ ಕೂತು, ಜಗಳ ಆಡಿ ಮುಗಿಸಿ ಮಾಡಿಕೊಂಡದ್ದು. ಮಾಪಕ ಇಲ್ಲದವರು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಕೇಳಬಹುದು.

ಹೊರಡುವುದು ಹಗಲಲ್ಲೇ ಆಗಬೇಕು. 2020ರಲ್ಲಿ ತಲಕಾವೇರಿಯಲ್ಲಿ ಗುಡ್ಡ ಬಿದ್ದಿದ್ದು ರಾತ್ರಿ. 2024ರ ಜುಲೈ 30ರಂದು ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲೂ ಜನ ಮಲಗಿದ್ದಾಗಲೇ ನುಗ್ಗಿದ್ದು. ರಾತ್ರಿ ಹತ್ತು ಗಂಟೆಯ ಕತ್ತಲಲ್ಲಿ, ಜಿಗಣೆ ಕಚ್ಚಿಸಿಕೊಂಡು, ಮುದುಕಿಯನ್ನು ಹೊತ್ತು ಇಳಿಜಾರು ಹತ್ತುವುದು ಏನು ಅಂತ ನಮಗೆ ಗೊತ್ತು.

ಅಂದ ಹಾಗೆ, ಅತ್ತೆ ಅವತ್ತು ಹೊರಡಲು ಒಪ್ಪಿರಲಿಲ್ಲ. "ಅರುವತ್ತು ಮಳೆಗಾಲ ಇದೇ ಮನೆಯಲ್ಲಿ ಕಂಡಿದ್ದೇನೆ, ಹಸು ಬಿಟ್ಟು ಬರಲ್ಲ, ನೀವು ಹೋಗಿ" ಅಂತ ಕೂತುಬಿಟ್ಟರು. ಕೊನೆಗೆ ಪಕ್ಕದ ಮನೆ ಹುಡುಗ ಕೊಟ್ಟಿಗೆಗೆ ಹೋಗಿ ಹಗ್ಗ ಬಿಚ್ಚಿದ. ಹಸು ರಸ್ತೆ ಕಡೆ ಹೊರಟಿತು, ಅತ್ತೆ ಅದರ ಹಿಂದೆ ಹೊರಟರು. ಹಾಗಾಗಿ ಕೊಟ್ಟಿಗೆಯ ಹಗ್ಗ ಯಾರು ಬಿಚ್ಚಬೇಕು, ಗ್ಯಾಸ್ ರೆಗ್ಯುಲೇಟರ್ ಮತ್ತು ಮೇನ್ ಸ್ವಿಚ್ ಯಾರು ಆಫ್ ಮಾಡಬೇಕು ಎಂಬುದೂ ಈಗ ನಮ್ಮಲ್ಲಿ ಮೊದಲೇ ಗೊತ್ತು.

ಚೀಲದ ವಿಷಯ. ಮಗನ ಹಳೇ ಶಾಲಾ ಬ್ಯಾಗು ಮುಂಬಾಗಿಲ ಹಿಂದೆ ನೇತಾಡುತ್ತದೆ. ಅದರಲ್ಲಿ ಅತ್ತೆಗೆ ಹದಿನೈದು ದಿನದ ಮಾತ್ರೆ, ಟಾರ್ಚು (ಸೆಲ್ ಬೇರೆ ಕಟ್ಟಿಟ್ಟರೆ ತುಕ್ಕು ಹಿಡಿಯಲ್ಲ), ಅವಲಕ್ಕಿ ಬೆಲ್ಲ, ನೀರಿನ ಬಾಟಲಿ, ಓಆರ್‌ಎಸ್ ಪ್ಯಾಕೆಟ್, ಒಂದು ವಿಷಲ್ಲು, ಐವತ್ತು ನೂರರ ನೋಟುಗಳು ಇವೆ. ಕರೆಂಟ್ ಇಲ್ಲದ ಊರಿನಲ್ಲಿ ಎಟಿಎಂ ಇದ್ದು ಏನು ಪ್ರಯೋಜನ? ಪ್ಯಾಡ್ ಇಡಲು ಹೆಂಗಸರು ನಾಚಿಕೊಳ್ಳಬೇಡಿ. ಪರಿಹಾರ ಕೇಂದ್ರದಲ್ಲಿ ಗಂಡಸು ಸ್ವಯಂಸೇವಕರ ಹತ್ತಿರ ಅದನ್ನು ಕೇಳಿದ್ದು ನೆನೆದರೆ ನನಗೆ ಈಗಲೂ ಮುಜುಗರ. ಪಹಣಿ, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ಕಿನ ಜೆರಾಕ್ಸ್ ಪ್ಲಾಸ್ಟಿಕ್ ಕವರಿನಲ್ಲಿವೆ. ಅವುಗಳ ಫೋಟೊ ಮೈಸೂರಿನ ತಂಗಿಯ ಫೋನಿನಲ್ಲೂ ಇವೆ. ಕಾಗದ ಇಲ್ಲದೆ ಪರಿಹಾರಕ್ಕಾಗಿ ನಾವು ಎಂಟು ತಿಂಗಳು ಕಚೇರಿ ಮೆಟ್ಟಿಲು ಹತ್ತಿದೆವು. "ಮನೆ ನಿಮ್ಮದೇ ಅಂತ ಏನು ಪುರಾವೆ?" ಅಂತ ಕೇಳಿಸಿಕೊಂಡೆವು. ಪುರಾವೆ ಮಣ್ಣಿನಡಿ ಇತ್ತು.

ತಂಗಿಯ ಇನ್ನೊಂದು ಉಪಯೋಗವೂ ಇದೆ. ಆ ವಾರ ಮಗ ಹಾಸ್ಟೆಲಿನಲ್ಲಿದ್ದ. ಮೊಬೈಲ್ ಟವರುಗಳೆಲ್ಲ ಸತ್ತು, ನಾವು ಬದುಕಿದ್ದೇವೆ ಅಂತ ಅವನಿಗೆ ಗೊತ್ತಾಗಲು ಎರಡು ದಿನ ಬೇಕಾಯಿತು. ಈಗ ಯಾರು ಎಲ್ಲೇ ಇದ್ದರೂ ಸಿಗ್ನಲ್ ಸಿಕ್ಕಿದ ತಕ್ಷಣ ತಂಗಿಗೆ ಒಂದು ಎಸ್ಎಂಎಸ್ ಹಾಕಬೇಕು. ಅವಳ ನಂಬರ್, 112, ಜಿಲ್ಲೆಯ ಸಹಾಯವಾಣಿ 1077, ಮೂರೂ ಕಾಗದದ ಮೇಲೆ ಬರೆದು ಚೀಲದಲ್ಲಿವೆ. ಫೋನು ನೀರಿಗೆ ಬಿದ್ದರೆ ಅದರಲ್ಲಿರುವ ನಂಬರ್ ಯಾರಿಗೆ ನೆನಪಿರುತ್ತದೆ?

ತೋಟದ ಮಾಲೀಕರಿಗೂ ಒಂದು ಮಾತು. ಕೆಲಸದವರು ಇರುವ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನವರು ಜಾಸ್ತಿ. ಮೈಕಿನಲ್ಲಿ ಕನ್ನಡದಲ್ಲಿ ಕೂಗಿಕೊಂಡು ಹೋದರೆ ಅವರಿಗೆ ಏನು ತಿಳಿಯಬೇಕು? ಯಾವ ಸಾಲಿನಲ್ಲಿ ಎಷ್ಟು ಜನ, ಎಷ್ಟು ಮಕ್ಕಳು ಎಂಬ ಪಟ್ಟಿ ತೋಟದ ಲೆಕ್ಕ ನೋಡುವ ರೈಟರ್ ಹತ್ತಿರವಾದರೂ ಇರಲಿ.

ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ಜೂನ್ ಮುಗಿಯುವ ಮೊದಲು ನಮ್ಮ ಜಿಲ್ಲೆಯ ಪಂಚಾಯಿತಿವಾರು ಕಾಳಜಿ ಕೇಂದ್ರಗಳ (ಪರಿಹಾರ ಕೇಂದ್ರಗಳ) ಪಟ್ಟಿಯನ್ನು ಅರ್ಧ ಪುಟದಲ್ಲಿ ಹಾಕಿ. ಯಾವ ಶಾಲೆ, ಯಾವ ಸಮುದಾಯ ಭವನ, ಹಸು ಕಟ್ಟಲು ಜಾಗ ಇದೆಯೋ ಇಲ್ಲವೋ, ಅಷ್ಟು ಇದ್ದರೆ ಸಾಕು. ಅಕ್ಷರ ಸ್ವಲ್ಪ ದಪ್ಪಗಿರಲಿ, ಅತ್ತೆ ಈಗಲೂ ಕನ್ನಡಕ ಎಲ್ಲೆಲ್ಲೋ ಇಟ್ಟು ಮರೆಯುತ್ತಾರೆ. ಕತ್ತರಿಸಿ ಚೀಲ ನೇತುಹಾಕಿದ ಮೊಳೆಯ ಪಕ್ಕ ಅಂಟಿಸಿಕೊಳ್ಳುತ್ತೇವೆ.

ಇತಿ,
ನಿಮ್ಮ ಓದುಗರಲ್ಲಿ ಒಬ್ಬಳು,
ಮಡಿಕೇರಿ ತಾಲ್ಲೂಕು